ಕಾಲಿನ ನೀಲಿ ಗಂಟು, ಕೂಡಲಿಕ್ಕೆ ಒಂದು ಕುರ್ಚಿ

ಐವತ್ತು ದಾಟಿದ ಹೆಣ್ಮಕ್ಕಳು ನಾಕು ಮಂದಿ ಕೂತಲ್ಲಿ ಸೀರಿ ಅಂಚು ಕೆಳಗ ಜಗ್ಗಿ ಜಗ್ಗಿ ಕೂಡೂದು ನೋಡೀರಿ. ಮೀನಖಂಡದ ಮ್ಯಾಲೆ ನೀಲಿ ನರ ಹಗ್ಗದಂಗ ಸುತ್ತಿಕೊಂಡಿರ್ತಾವಲ್ಲ, ಅವು ಕಾಣಬಾರದು ಅಂತ. ಡಾಕ್ಟರ್ ಮುಂದೂ ಬಿಪಿ, ಸಕ್ಕರಿ, ಮೊಳಕಾಲು ಎಲ್ಲಾ ಹೇಳಿ ಬರ್ತೀವಿ, ಇದೊಂದು ಬಿಟ್ಟು.

ಬಾಯಿಮಾತಿಗೆ ನರ ಅಂತೀವಿ ಖರೆ, ಅದು ರಕ್ತನಾಳ. ಕಾಲಿಗೆ ಇಳಿದ ರಕ್ತ ತಿರುಗಿ ಎದಿಗೆ ಏರೂ ದಾರಿ. ನಡೀವಾಗ ಮೀನಖಂಡ ಹಿಂಡಿ ಹಿಂಡಿ ಅದನ್ನ ಮ್ಯಾಲೆ ದಬ್ಬತದ. ಸುಮ್ನ ನಿಂತ್ರ ದಬ್ಬೂದಿಲ್ಲ. ಏರಿದ್ದು ಕೆಳಗ ಜಾರಬಾರದು ಅಂತ ನಾಳದೊಳಗ ಸಣ್ಣ ಸಣ್ಣ ಕದ ಅವ. ಕದ ಸಡಿಲಾದ್ರ ರಕ್ತ ಅಲ್ಲೇ ನಿಂತು ನಾಳ ಉಬ್ಬತದ. ಮನೆತನದಿಂದ ಬಂದ ಗುಣ, ಬಸುರುತನ, ವಯಸ್ಸು, ತೂಕ, ತಾಸುಗಟ್ಟಲೆ ನಿಲ್ಲೂದು, ಎಲ್ಲಾ ಕೂಡೇ ಇದಾಗ್ತದ.

ಬ್ಯಾನಿ ಭಾಳ ಹಳೇದು. ಕ್ರಿಸ್ತಪೂರ್ವ 4ನೆಯ ಶತಮಾನದ ಒಂದು ಕಲ್ಲು ಅಥೆನ್ಸ್‌ನಾಗ ಸಿಕ್ಕದ. ಒಬ್ಬ ಗಂಡಸು ದೊಡ್ಡದೊಂದು ಕಾಲು ಹಿಡಕೊಂಡಾನ, ಕಾಲಿನ ಮ್ಯಾಲೆ ಉಬ್ಬಿದ ನಾಳ ಎದ್ದು ಕಾಣತದ. ನಾವು ಬೆಳ್ಳಿ ಕಣ್ಣು, ಬೆಳ್ಳಿ ಕಾಲು ದೇವರಿಗೆ ಒಪ್ಪಿಸ್ತೀವಲ್ಲ, ಹಂಗ ಅದು ಹರಕಿ ಕಲ್ಲು. ರೋಮಿನ ಸೇನಾಪತಿ ಮಾರಿಯಸ್‌ಗೂ ಎರಡೂ ಕಾಲಿಗೆ ಇದಿತ್ತು. ಕಟ್ಟಿಸಿಕೊಳ್ಳದನ ಒಂದು ಕಾಲು ಕೊಯ್ಯಿಸಿಕೊಂಡ, ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಡಾಕ್ಟರು ಇನ್ನೊಂದು ಕಾಲಿಗೆ ಕೈ ಹಾಕಿದಾಗ ಮಾತ್ರ ಸಾಕಪ್ಪಾ ಅಂದ. ಇಷ್ಟು ನೋವಿಗೆ ಈ ಗುಣ ತೂಗೂದಿಲ್ಲ ಅಂದನಂತ. ಪ್ಲುಟಾರ್ಕ್ ಇದನ್ನ ಶೌರ್ಯದ ಕತಿ ಮಾಡಿ ಬರದಾನ. ಸೇನಾಪತಿ ಮನಿಯಾಗ ನಿಂತು ದುಡಿದ ಹೆಣ್ಮಕ್ಕಳ ಕಾಲು ಹೆಂಗಿದ್ದವೋ, ಅದು ಆ ಕತಿಯೊಳಗ ಇಲ್ಲ.

ಆ ಕದಗಳನ್ನ ಚಿತ್ರ ಬಿಡಿಸಿ 1603ರಾಗ ಪುಸ್ತಕ ಮಾಡಿದಾಂವ ಇಟಲಿಯ ಪಾದುವಾದ ಫ್ಯಾಬ್ರಿಸಿಯಸ್. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಾಗ ರಕ್ತ ಸುತ್ತು ಹಾಕ್ತದ ಅಂತ ತೋರಿಸಿದ. ಕಾರಣ ಆವತ್ತಿಂದ ತಿಳೀತು ಅನ್ರಿ. ಆದ್ರ ನಿಂತವರಿಗೆ ಕುರ್ಚಿ ಕೊಡಲಿಕ್ಕೆ ಮತ್ತ ಎರಡೂವರಿ ನೂರು ವರ್ಷದ ಮ್ಯಾಲೆ ಹಿಡೀತು! ಬ್ರಿಟನ್ನಿನ ಅಂಗಡಿಗಳಾಗ ಹುಡುಗಿಯರು ದಿನಾ ಹತ್ತು-ಹನ್ನೆರಡು ತಾಸು ನಿಂತಿರ್ತಿದ್ರು. 1899ರಾಗ ಅಲ್ಲಿ ಒಂದು ಕಾಯಿದೆ ಬಂತು: ಮೂರು ಮಂದಿ ಹೆಣ್ಮಕ್ಕಳಿಗೆ ಒಂದು ಆಸನ ಇಡಬೇಕು ಅಂತ. ಮೂವರಿಗೆ ಒಂದು! ನಗಬೇಕೋ ಅಳಬೇಕೋ.

ನಮ್ಮ ದೇಶದ ಸುದ್ದಿ ಇನ್ನೂ ಹೊಸಾದು. ಕೇರಳದ ಕೋಳಿಕ್ಕೋಡಿನ ಸೀರಿ ಅಂಗಡಿ, ಬಂಗಾರದಂಗಡಿಗಳಾಗ ಕೆಲಸದ ಹೆಣ್ಮಕ್ಕಳು ಗಿರಾಕಿ ಇಲ್ಲದಾಗೂ ಕೂಡೂ ಹಂಗಿರಲಿಲ್ಲ. ಪಾಯಖಾನಿ ಸೈತ ಸರಿ ಇಲ್ಲ ಅಂತ ನೀರು ಕುಡಿಯೂದ ಬಿಡ್ತಿದ್ರು. ಪಿ. ವಿಜಿ ಅನ್ನೂ ಬಟ್ಟಿ ಹೊಲಿಯೂ ಹೆಣ್ಮಗಳು ಅವರನ್ನ ಕೂಡಿಸಿ 'ಪೆಣ್‌ಕೂಟ್ಟು' ಅಂತ ಸಂಘ ಕಟ್ಟಿದಳು. ಮೊದಲ ಪಾಯಖಾನಿಗೆ ಹೋರಾಟ, ಆಮ್ಯಾಲೆ ಕೂಡೂ ಹಕ್ಕಿಗೆ. 2018ರಾಗ ಕೇರಳ ಸರ್ಕಾರ ಕಾಯಿದೆ ತಿದ್ದಿತು, 2021ರಾಗ ತಮಿಳುನಾಡೂ ತಿದ್ದಿತು. ಮುಂದಿನ ಸಲ ಸೀರಿ ಅಂಗಡಿಗೆ ಹೋದಾಗ ನಮಗ ನೂರು ಸೀರಿ ಬಿಚ್ಚಿ ತೋರಿಸೂ ಹುಡುಗಿ ಹಿಂದ ಒಂದು ಸ್ಟೂಲ್ ಅದನೋ ಇಲ್ಲೋ ನೋಡ್ರಿ.

ಅಡಿಗಿಮನಿಗೆ ಯಾವ ಕಾಯಿದೆ ಅದ? ನಮ್ಮ ಅಜ್ಜಿಯರು ಮಣಿ ಹಾಕ್ಕೊಂಡು ಒಲಿ ಮುಂದ ಕೂತು ರೊಟ್ಟಿ ಬಡೀತಿದ್ರು, ಈಳಿಗಿ ಮುಂದ ಕೂತು ಕಾಯಿಪಲ್ಯಾ ಹೆಚ್ಚತಿದ್ರು. ಹೊಗಿ ಅವರ ಕಣ್ಣು ತಿಂತು, ಅದು ಬ್ಯಾರೆ ಮಾತು. ಗ್ಯಾಸ್ ಬಂತು, ಕಟ್ಟಿ ಬಂತು, ಹೊಗಿ ಹೋತು, ಬಗ್ಗೂದು ತಪ್ಪಿತು. ಜೋಡಿಗೆ ಕೂಡೂದೂ ತಪ್ಪಿತು. ಮನಿ ಕಟ್ಟಿಸುವಾಗ ಫ್ರಿಜ್ ಎಲ್ಲಿ, ಮಿಕ್ಸರ್ ಎಲ್ಲಿ ಅಂತ ನಕ್ಷಾದಾಗ ಬರೀತಾರ. ಅಡಿಗಿ ಮಾಡಾಕಿ ಎಲ್ಲಿ ಕೂಡಬೇಕು ಅಂತ ಯಾರೂ ಕೇಳೂದಿಲ್ಲ. ಎತ್ತರದ ಸ್ಟೂಲ್ ಒಂದು ತರಿಸಿ ಇಟ್ಟುಕೊಳ್ರಿ. ಪಲ್ಯಾ ಹೆಚ್ಚೂದು, ಹಿಟ್ಟು ನಾದೂದು ಕೂತ ಆಗ್ತದ.

ಡಾಕ್ಟರು ಬರದುಕೊಡೂ ಬಿಗಿ ಕಾಲುಚೀಲದ್ದೂ ಒಂದು ಕತಿ ಅದ. ಅಮೆರಿಕಾದ ಟೊಲೆಡೊದಾಗ ಕಾನ್ರಾಡ್ ಜಾಬ್ಸ್ಟ್ ಅಂತ ಎಂಜಿನಿಯರ್. ತನಗ ಇದೇ ಬ್ಯಾನಿ. ಈಜುಕೊಳದಾಗ ನಿಂತಾಗ ಕಾಲು ಹಗೂರ ಅನಿಸ್ತು. ನೀರು ಆಳಕ್ಕ ಹೋದಂಗ ಹೆಚ್ಚು ಒತ್ತತದಲ್ಲ, ಅದನ್ನ ಹಿಡಿದು ಹಿಮ್ಮಡದ ಹತ್ರ ಬಿಗಿ, ಮ್ಯಾಲೆ ಹೋದಂಗ ಸಡಿಲ ಇರೂ ಚೀಲ 1950ರಾಗ ಮಾಡಿದ. ಅಳತಿ ತಪ್ಪಿದ್ದು ಹಾಕ್ಕೊಂಡ್ರ ತ್ರಾಸ, ಕಾಲಿಗೆ ರಕ್ತ ಇಳಿಯೂದ ಕಡಿಮಿ ಇದ್ದವರಿಗೆ ಅಪಾಯ. ಹಂಗಾಗಿ ಕೇಳದ ಕೊಳ್ಳಬ್ಯಾಡ್ರಿ.

ಹಿಮ್ಮಡದ ಮ್ಯಾಲಿನ ಚರ್ಮ ಕಪ್ಪಾದ್ರ, ತುರಿಸಿ ಹುಣ್ಣಾದ್ರ ತಡಾ ಮಾಡಬ್ಯಾಡ್ರಿ. ಒಂದೇ ಕಾಲು ಒಮ್ಮೆಲೆ ಬಾತು ನೋಯಲಿಕ್ಕೆ ಹತ್ತಿದ್ರಂತೂ ಅವತ್ತ ಹೋಗ್ರಿ, ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಹತ್ತಿದ್ರ, ಎದಿ ನೋಯ್ದ್ರ ಆಂಬುಲೆನ್ಸ್ ಕರೀರಿ. ನಾಳ ತುಂಬಿ ಕಾಣಲಿ ಅಂತ ನಿಲ್ಲಿಸಿ ನೋಡ್ತಾರ, ತೊಡಿತನಕ ಸ್ಕ್ಯಾನ್ ಮಾಡ್ತಾರ. ಸಡಿಲ ಲಂಗ ಉಟಗೊಂಡು ಹೋಗ್ರಿ; ಹೆಣ್ಣು ಡಾಕ್ಟರ್ ಇಲ್ಲಾ ನರ್ಸ್ ಜೋಡಿಗಿರಲಿ ಅಂತ ಮೊದಲ ಕೇಳಿಬಿಡ್ರಿ.