ಸಾಬರಮತಿಯ ಆಚೆ ದಡದ ಮನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮರಿಗೆ ಈ ಅನುಭವ ಹೊಸದಲ್ಲ. ಗೇಟಿನ ಮೇಲೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಇರುತ್ತದೆ. ಮಾಲೀಕರು ನಗುಮುಖದಿಂದ ಬಾಗಿಲು ತೆರೆದು ಅಡುಗೆಮನೆ, ಸಂಪು, ಮೇಲಿನ ಟ್ಯಾಂಕು ಎಲ್ಲವನ್ನೂ ತೋರಿಸುತ್ತಾರೆ. ಅಡ್ವಾನ್ಸಿನ ಮಾತೂ ಮುಗಿಯುತ್ತದೆ. ಕೊನೆಗೆ ಹೆಸರು ಕೇಳುತ್ತಾರೆ. ಹೆಸರು ಹೇಳಿದ ಕೂಡಲೇ ಅವರಿಗೆ ಮಗಳು, ಅಳಿಯ ಊರಿನಿಂದ ಬಂದು ಇದೇ ಮನೆಯಲ್ಲಿ ಇರುವವರಿದ್ದಾರೆ ಎಂಬುದು ನೆನಪಾಗುತ್ತದೆ. ಹತ್ತಾರು ವರ್ಷಗಳ ಹಿಂದೆ ನಾವು ಒಂದೇ ಭಾನುವಾರ ಇಂಥ ಮೂವರು ಅಳಿಯಂದಿರ ಸುದ್ದಿ ಕೇಳಿ ಮನೆಗೆ ಮರಳಿದ್ದೆವು. ಯಾರೂ ಬೈಯಲಿಲ್ಲ. ಒಬ್ಬರಂತೂ ಬಿಸಿಲಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ಕೊಟ್ಟೇ ಕಳಿಸಿದರು.

ಈ ಸಭ್ಯ ನಿರಾಕರಣೆ ನಮ್ಮಲ್ಲಿ ಇನ್ನೂ ಬಾಯಿಮಾತಿನ ಮಟ್ಟದಲ್ಲಿದೆ. ಅಹಮದಾಬಾದಿನಲ್ಲಿ ಅದು ನಗರದ ನಕ್ಷೆಯಾಗಿದೆ, ಕಾನೂನಾಗಿದೆ, ಚದರಡಿಯ ದರವಾಗಿದೆ. ಅದು ಹೀಗೆ ಗಟ್ಟಿಯಾದದ್ದು ಒಂದೇ ದಿನದಲ್ಲಲ್ಲ. ಅದರ ಚರಿತ್ರೆ ನಾವೆಲ್ಲ ತಿಳಿಯಬೇಕಾದದ್ದು.

ಸುಲ್ತಾನ್ ಅಹಮದ್ ಶಾ 1411ರಲ್ಲಿ ಸಾಬರಮತಿಯ ಪೂರ್ವ ದಡದಲ್ಲಿ ಕಟ್ಟಿದ ಊರು ಅದು. ಕೋಟೆಯೊಳಗಿನ ಜನ 'ಪೋಲ್' ಎಂಬ ಕೇರಿಗಳಲ್ಲಿ ವಾಸಿಸುತ್ತಿದ್ದರು. ಒಂದು ಇಕ್ಕಟ್ಟಾದ ಗಲ್ಲಿ, ಅದರ ಬಾಯಿಗೆ ಒಂದು ಬಾಗಿಲು, ಒಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಪೋಲ್‌ನಲ್ಲಿ ಸಾಮಾನ್ಯವಾಗಿ ಒಂದೇ ಜಾತಿ ಅಥವಾ ಒಂದೇ ಧರ್ಮದವರು. ಮನೆ ಮಾರುವವನು ಮೊದಲು ಪೋಲ್‌ನವರನ್ನೇ ಕೇಳಬೇಕು, ಹೊರಗಿನವನಿಗೆ ಹಾಗೆಲ್ಲ ಕೊಡುವಂತಿಲ್ಲ. ಆದ್ದರಿಂದ ಹಿಂದೆ ಎಲ್ಲರೂ ಅಣ್ಣತಮ್ಮಂದಿರಂತಿದ್ದರು ಎಂದು ನಿಟ್ಟುಸಿರು ಬಿಡುವ ಅಗತ್ಯವಿಲ್ಲ. ಆದರೆ ಒಂದು ಮಾತು ನಿಜ. ಜೈನರ ಪೋಲ್‌ನ ಬೆನ್ನಿಗೇ ಮುಸ್ಲಿಮರ ಕೇರಿ ಇರುತ್ತಿತ್ತು, ಬಾಗಿಲು ಬೇರೆಯಾದರೂ ಮಾರುಕಟ್ಟೆ ಒಂದೇ ಆಗಿತ್ತು. ಸಾಹುಕಾರನ ಹವೇಲಿಗೂ ನೇಕಾರನ ಮನೆಗೂ ನಡುವೆ ಕೂಗಳತೆಯ ದೂರ. ಈ ಹಳೆಯ ಊರನ್ನೇ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಮಾನ ಪಡೆದ ಮೊದಲ ನಗರ ಅದು.

ದೂರ ಹುಟ್ಟಿದ್ದು ಸೇತುವೆಯಿಂದ. ಮೊದಲ ಸೇತುವೆ 1875ರ ನೆರೆಯಲ್ಲಿ ಕೊಚ್ಚಿಹೋಯಿತು. 1892ರಲ್ಲಿ ಉಕ್ಕಿನ ಎಲ್ಲಿಸ್ ಸೇತುವೆ ನಿಂತಿತು. ಪೂರ್ವ ದಡದಲ್ಲಿ ಬಟ್ಟೆ ಗಿರಣಿಗಳು ಹೊಗೆ ಕಾರುತ್ತಿದ್ದವು, ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಗಾಳಿ ಬೆಳಕು ಅರಸಿ ಪಶ್ಚಿಮ ದಡಕ್ಕೆ ದಾಟತೊಡಗಿದರು. 1920ರ ದಶಕದಿಂದ ಅಲ್ಲಿ ಸಹಕಾರಿ ಗೃಹ ಸೊಸೈಟಿಗಳು ಎದ್ದವು. ಹೆಸರು ಹೊಸದು, ಕಾಂಪೌಂಡು ಹೊಸದು, ಬೈಲಾ ಇಂಗ್ಲಿಷಿನದು. ಆದರೆ ಸದಸ್ಯತ್ವದ ಷರತ್ತು ಓದಿದರೆ ಹಳೆಯ ಪೋಲ್‌ನ ಬಾಗಿಲೇ ಕಾಣುತ್ತಿತ್ತು. ಇಂತಿಂಥ ಜಾತಿಯವರಿಗೆ ಮಾತ್ರ. ಜನ ನದಿ ದಾಟುವಾಗ ಬಾಗಿಲನ್ನೂ ಹೊತ್ತುಕೊಂಡೇ ಹೋದರು. ಹಿಂದೆ ಉಳಿದದ್ದು ಪಕ್ಕದ ಗಲ್ಲಿ, ಕೂಗಳತೆಯ ನೆರೆಹೊರೆ.

ಆ ಮೇಲೆ ಬಂದದ್ದು ಭಯ. 1969ರ ಸೆಪ್ಟೆಂಬರಿನ ಗಲಭೆಯಲ್ಲಿ ಗುಜರಾತಿನಲ್ಲಿ ಸರ್ಕಾರಿ ಲೆಕ್ಕದಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. 1985ರಲ್ಲಿ ಮೀಸಲಾತಿ ವಿರೋಧಿ ಚಳವಳಿಯಾಗಿ ಶುರುವಾದದ್ದು ಕೋಮುಗಲಭೆಯಾಗಿ ತಿಂಗಳುಗಟ್ಟಲೆ ಉರಿಯಿತು. ಅದೇ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿ, ಹಿಂದೂ ಮುಸ್ಲಿಂ ಕೂಲಿಗಳು ಜೊತೆಗೆ ಬೆವರು ಹರಿಸುತ್ತಿದ್ದ ಜಾಗವೂ ಇಲ್ಲವಾಯಿತು. ಪ್ರತಿ ಗಲಭೆಯ ನಂತರ ಇಲ್ಲಿ ಹಿಂದೂಗಳು, ಅಲ್ಲಿ ಮುಸ್ಲಿಮರು ಸಿಕ್ಕ ಬೆಲೆಗೆ ಮನೆ ಮಾರಿ ತಮ್ಮವರ ಕಡೆಗೆ ಓಡಿದರು. ಹೆದರಿದವನ ಮನೆಯನ್ನು ಅರ್ಧ ಬೆಲೆಗೆ ಕೊಳ್ಳಲು ದಲ್ಲಾಳಿಗಳು ಕಾದೇ ಇರುತ್ತಾರೆ.

ಇದನ್ನು ತಡೆಯಲು ಬಂದದ್ದೇ 1986ರ ಕಾನೂನು. 1991ರಲ್ಲಿ ಹೊಸ ಅಧಿನಿಯಮ ಅದರ ಜಾಗಕ್ಕೆ ಬಂತು. ಜನರ ಬಾಯಲ್ಲಿ ಅದು 'ಅಶಾಂತ ಧಾರೋ'. ಸರ್ಕಾರ ಒಂದು ಪ್ರದೇಶವನ್ನು 'ಅಶಾಂತ' ಎಂದು ಸಾರಿದರೆ, ಅಲ್ಲಿನ ಮನೆ, ನಿವೇಶನ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಮಾರುವವನು ಸ್ವಂತ ಮನಸ್ಸಿನಿಂದ ಮಾರುತ್ತಿದ್ದಾನೆಯೇ, ನ್ಯಾಯವಾದ ಬೆಲೆ ಸಿಕ್ಕಿದೆಯೇ ಎಂದು ಅವರು ವಿಚಾರಿಸಬೇಕು. ಕಾನೂನಿನ ಉದ್ದೇಶದಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಅಂದು ಬಡವನ ಕೈಯಿಂದ ಮನೆ ಜಾರದಂತೆ ಅದು ಕಾಪಾಡಿರಲೂಬಹುದು. ಆದರೆ ಗಲಭೆ ತಣ್ಣಗಾದರೂ 'ಅಶಾಂತ' ಪ್ರದೇಶಗಳು ಕಡಿಮೆಯಾಗಲಿಲ್ಲ, ಹೆಚ್ಚುತ್ತ ಹೋದವು. ಪೊಲೀಸರ ವರದಿ, ನೆರೆಯವರ ತಕರಾರು, ಮೇಜಿನಿಂದ ಮೇಜಿಗೆ ಫೈಲಿನ ಓಡಾಟ, ಇವೆಲ್ಲ ಸೇರಿ ಹಿಂದೂ ಮುಸ್ಲಿಮರ ನಡುವಿನ ವ್ಯವಹಾರವೆಂದರೆ ವರ್ಷಗಟ್ಟಲೆ ಅಲೆದಾಟವಾಯಿತು. ಒಳ್ಳೆಯ ಬೆಲೆ ಕೊಡಲು ಮುಸ್ಲಿಂ ಗಿರಾಕಿ ಸಿದ್ಧನಿದ್ದರೂ ಹಿಂದೂ ಮಾಲೀಕ ಮಾರಲಾರ. 2019ರಲ್ಲಿ ವಿಧಾನಸಭೆ ಒಪ್ಪಿದ ತಿದ್ದುಪಡಿ 3ರಿಂದ 5 ವರ್ಷಗಳ ಜೈಲು ಶಿಕ್ಷೆ ಸೇರಿಸಿತು. ಜನರ 'ಧ್ರುವೀಕರಣ'ದ ಸಾಧ್ಯತೆ ಇದೆಯೇ ಎಂದು ನೋಡುವ ಅಧಿಕಾರವನ್ನೂ ಜಿಲ್ಲಾಧಿಕಾರಿಗೆ ಕೊಟ್ಟಿತು. ತಿದ್ದುಪಡಿಯ ಕೆಲವು ಉಪಬಂಧಗಳ ಅಡಿ ಹೊಸ ಅಧಿಸೂಚನೆ ಹೊರಡಿಸದಂತೆ ಗುಜರಾತ್ ಹೈಕೋರ್ಟ್ 2021ರ ಜನವರಿಯಲ್ಲಿ ತಡೆ ನೀಡಿತು.

ಸೊಸೈಟಿಗಳ ಬಾಗಿಲಿಗೆ ಸುಪ್ರೀಂ ಕೋರ್ಟಿನ ಮುದ್ರೆಯೂ ಬಿತ್ತು. ಅಹಮದಾಬಾದಿನ ಪಾರ್ಸಿ ಗೃಹ ಸೊಸೈಟಿಯ ಸದಸ್ಯರೊಬ್ಬರು ಪಾರ್ಸಿಯಲ್ಲದವರಿಗೆ ಆಸ್ತಿ ಮಾರಲು ಹೊರಟಾಗ ಮೊಕದ್ದಮೆ ನಡೆಯಿತು. ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಬೈಲಾ ಊರ್ಜಿತವೆಂದು 2005ರಲ್ಲಿ ತೀರ್ಪಾಯಿತು. ಒಂದು ಸಣ್ಣ ಸಮುದಾಯ ತನ್ನ ಬಾಳ್ವೆಯನ್ನು ಉಳಿಸಿಕೊಳ್ಳಬಯಸುವುದು ಅರ್ಥವಾಗುತ್ತದೆ. ಆದರೆ ಅದೇ ಬೈಲಾ ನಗರದ ಬಲಾಢ್ಯರ ಕೈಯಲ್ಲಿದ್ದರೆ, ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡಿನ ಹಿಂದೆ ಅಡಗಿದ್ದರೆ, ಉಳಿದವರು ಎಲ್ಲಿಗೆ ಹೋಗಬೇಕು?

ಹೋಗಲು ಜುಹಾಪುರವಿತ್ತು. 1973ರ ನೆರೆಯಲ್ಲಿ ಮನೆ ಕಳೆದುಕೊಂಡ ನದಿ ದಡದ ಬಡವರಿಗಾಗಿ ನಗರದ ಹೊರಗೆ ಸಂಕಲಿತ ನಗರವೆಂಬ ಬಡಾವಣೆ ಕಟ್ಟಲಾಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು. ಸಂಕಲಿತವೆಂದರೆ ಒಟ್ಟುಗೂಡಿದ್ದು, ಹೆಸರಿನಂತೆ ಹಿಂದೂ ಮುಸ್ಲಿಮರಿಬ್ಬರೂ ಅಲ್ಲಿದ್ದರು. ಗಲಭೆಗಳ ನಂತರ ಹಿಂದೂಗಳು ಹೋದರು, ಮುಸ್ಲಿಮರು ಬಂದರು. 2002ರ ನಂತರ ಬಂದವರಲ್ಲಿ ವಕೀಲರು, ವೈದ್ಯರು, ನಿವೃತ್ತ ಅಧಿಕಾರಿಗಳು ಇದ್ದರು. ಹಣವಿದ್ದರೆ, ಹುದ್ದೆಯಿದ್ದರೆ ಎಲ್ಲಿಯಾದರೂ ಬಾಳಬಹುದೆಂಬ ನಂಬಿಕೆಯೇ ಆ ವರ್ಷ ಸುಟ್ಟುಹೋಗಿತ್ತು. ಗುಲ್ಬರ್ಗ್ ಸೊಸೈಟಿಯಲ್ಲಿ ಮಾಜಿ ಸಂಸದ ಎಹ್ಸಾನ್ ಜಾಫ್ರಿಯವರೂ ಸೇರಿ 69 ಜನ ಸತ್ತರು. ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೊಬ್ಬರೇ ಸರ್ಕಾರಿ ಮನೆ ತೊರೆದು ಹೋಗಬೇಕಾಯಿತು. ದಖನಿ ಮಾತನಾಡುವ ನಮಗೆ ಮನೆಯ ಹಿರಿಯನಂತಿರುವ ಕವಿ ವಲಿಯ ಗೋರಿ ಅದೇ ಊರಲ್ಲಿತ್ತು. ಔರಂಗಾಬಾದಿನಲ್ಲಿ ಹುಟ್ಟಿ ಗುಜರಾತನ್ನು ಹಚ್ಚಿಕೊಂಡು, ಅದರ ಅಗಲಿಕೆಯ ಮೇಲೆಯೇ ಕವಿತೆ ಬರೆದವನು. ಗೋರಿಯನ್ನು ನೆಲಸಮ ಮಾಡಿದರು, ಅದರ ಮೇಲೆ ಡಾಂಬರು ಹಾಕಿದರು. ಸತ್ತು ಸುಮಾರು ಮುನ್ನೂರು ವರ್ಷವಾದವನಿಗೂ ಆ ಕಡೆ ವಾಸಕ್ಕೆ ಅವಕಾಶವಿರಲಿಲ್ಲ.

ಜುಹಾಪುರದ ಆಚೆ ವೇಜಲ್‌ಪುರ. ನಡುವೆ ರಸ್ತೆ, ಅಲ್ಲಲ್ಲಿ ಗೋಡೆ. ಜನ ಅದನ್ನು 'ಬಾರ್ಡರ್' ಎನ್ನುತ್ತಾರೆ, ಈಚೆಯ ಕಡೆಗೆ ಪಾಕಿಸ್ತಾನದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. 2000ರ ದಶಕದ ಉತ್ತರಾರ್ಧದವರೆಗೆ ಈ ಪ್ರದೇಶ ನಗರಪಾಲಿಕೆಯ ಎಲ್ಲೆಯ ಹೊರಗೇ ಇತ್ತು. ನಲ್ಲಿ ನೀರು, ಚರಂಡಿ, ಶಾಲೆ ಎಲ್ಲದಕ್ಕೂ ಕಾಯಬೇಕಿತ್ತು. ಬ್ಯಾಂಕುಗಳೂ ಸಾಲ ಕೊಡಲು ಹಿಂಜರಿಯುತ್ತಿದ್ದವು. ಹೀಗಿರುವಲ್ಲಿ ಮನೆ ಅಗ್ಗವಾಗಿರಬೇಕಲ್ಲವೇ? ಆಗಲಿಲ್ಲ. ಕೊಳ್ಳುವವರು ಸಾವಿರ, ಜಾಗ ಮಾತ್ರ ಅಷ್ಟೇ. ಬೇರೆಡೆ ಬಾಗಿಲು ಮುಚ್ಚಿದ್ದರಿಂದ ಇಲ್ಲಿ ನೆಲದ ಬೆಲೆ ಏರುತ್ತಲೇ ಹೋಯಿತು. ಭಯದಲ್ಲಿ ಒಂದು ಮನೆಯನ್ನು ಅಗ್ಗಕ್ಕೆ ಮಾರಿ ಬಂದವನು ಇನ್ನೊಂದನ್ನು ದುಬಾರಿಗೆ ಕೊಂಡ. ಎರಡು ಸಲ ಸೋತ. ಎರಡು ಸಲವೂ ಗೆದ್ದವರಲ್ಲಿ ಬಿಲ್ಡರುಗಳಿದ್ದರು, ಅವರಲ್ಲಿ ನಮ್ಮವರೂ ಇದ್ದರು.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಜುಹಾಪುರದ ಒಳಗೇ ಬಂಗಲೆಗಳ ಸೊಸೈಟಿಗಳು ಎದ್ದವು. ಗೇಟು, ವಾಚ್‌ಮನ್, ಎತ್ತರದ ಕಾಂಪೌಂಡು. ಅಲ್ಲಿನ ಅನುಕೂಲಸ್ಥರಲ್ಲಿ ಹಲವರು ತಮ್ಮ ವಾಸ ಜುಹಾಪುರದಲ್ಲಿ ಎನ್ನುವುದಿಲ್ಲ, 'ಸರ್ಖೇಜ್ ರೋಡ್' ಎನ್ನುತ್ತಾರೆ. ಜುಹಾಪುರವೆಂದರೆ ಸಂಕಲಿತ ನಗರದ ರಿಕ್ಷಾ ಓಡಿಸುವವರು, ಗುಜರಿಯವರು ಎಂದು ಅವರ ಲೆಕ್ಕ. ಸರ್ಖೇಜ್ ಎಂದರೆ ಶೇಖ್ ಅಹಮದ್ ಖಟ್ಟೂ ಅವರ ರೋಜಾ ಇರುವ ಸ್ಥಳ. ಅಹಮದಾಬಾದಿಗೆ ಅಸ್ತಿವಾರ ಹಾಕಿದ ನಾಲ್ವರು ಅಹಮದರಲ್ಲಿ ಅವರೂ ಒಬ್ಬರೆಂದು ಐತಿಹ್ಯ. ಬಡ ನೆರೆಯವನಿಂದ ದೂರ ಕಾಣಿಸಿಕೊಳ್ಳಲು ಸೂಫಿಯ ಊರಿನ ಹೆಸರು ಬಳಕೆಗೆ ಬಂದದ್ದನ್ನು ಆ ಹಿರಿಯರು ಹೇಗೆ ತೆಗೆದುಕೊಳ್ಳುತ್ತಿದ್ದರೋ!

ನಗುವ ಮೊದಲು ಬೆಂಗಳೂರಿನ ಕಡೆ ತಿರುಗಿದೆವು. ಟ್ಯಾನರಿ ರಸ್ತೆಯ ಗಲ್ಲಿಯಲ್ಲಿರುವ ನಮ್ಮ ನೆಂಟರೊಬ್ಬರು ಮಗಳ ನಿಕಾಹದ ಕಾರ್ಡಿನಲ್ಲಿ ವಿಳಾಸವನ್ನು 'ಫ್ರೇಜರ್ ಟೌನ್' ಎಂದೇ ಅಚ್ಚು ಹಾಕಿಸಿದ್ದರು. ವರನ ಕಡೆಯವರು ಮನೆ ಹುಡುಕಿಕೊಂಡು ಬರುವಾಗ ಸುಸ್ತಾದರಂತೆ.

ಮೂವರು ಅಳಿಯಂದಿರ ಆ ಭಾನುವಾರದ ನಂತರ ನಮಗೆ ಮನೆ ಕೊಟ್ಟವರು ನಮ್ಮವರೇ, ಐದು ಹೊತ್ತಿನ ನಮಾಜಿನ ವೃದ್ಧರು. ಕೀಲಿ ಕೈಗಿಡುವ ಮೊದಲು ಗಲ್ಲಿಯ ಆಚೆ ತುದಿಯಲ್ಲಿದ್ದ ಶೀಟಿನ ಮನೆಗಳ ಕಡೆ ಬೆರಳು ತೋರಿಸಿ ಕೇಳಿದರು: "ಬೇಟಾ, ನೀವು ಆ ಕಡೆಯವರ ಸಂಬಂಧಿಕರಲ್ಲ ತಾನೇ?"

ಅಲ್ಲ ಎಂದೆವು. ಬೇಗನೆ ಎಂದೆವು.