ಕುದುರೆ ತನ್ನಿ, ಕೇಳಿದ ಬೆಲೆ ಕೊಡ್ತೇವೆ: ಅಂಕೋಲೆಗೆ ಬಂದ ವೆನಿಸ್ ವ್ಯಾಪಾರಿಯ ಕತೆ

ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ಇವತ್ತು 450 ವರ್ಷಕ್ಕೂ ಹಳೆಯ ಒಂದು 'ಆಫರ್' ಬಗ್ಗೆ ಮಾತಾಡೋಣ. ಆ ಆಫರ್ ನಂಬಿ ಕೆಟ್ಟವರನ್ನ ಕಣ್ಣಾರೆ ಕಂಡ ಒಬ್ಬ ವಿದೇಶಿ, ಕೊನೆಗೆ ಜೀವ ಉಳಿಸ್ಕೊಂಡು ಬಂದು ತಲುಪಿದ ಊರು ನಮ್ಮ ಅಂಕೋಲೆ.

ಮೊದಲು ವಿಜಯನಗರದ ಪೇಟೆಗೆ ಹೋಗೋಣ. 1443ರಲ್ಲಿ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿಯ ಅಂಗಡಿಸಾಲು ನೋಡಿ ಬೆರಗಾದ. ಒಂದೊಂದು ಕಸುಬಿನವರ ಅಂಗಡಿಗಳು ಪಕ್ಕಪಕ್ಕದಲ್ಲೇ ಇದ್ವು. ಮುತ್ತು, ಮಾಣಿಕ್ಯ, ವಜ್ರವನ್ನ ಬಯಲಲ್ಲೇ ಇಟ್ಟು ಮಾರ್ತಿದ್ರು. ಗುಲಾಬಿ ಅಂತೂ ಎಲ್ಲಿ ನೋಡಿದ್ರೂ. ಊಟದಷ್ಟೇ ಇದೂ ಬೇಕು ಇವರಿಗೆ ಅಂತ ಅವನಿಗೆ ಅನಿಸಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಕೂಡ ಸಂಜೆ ಸಂತೆಯ ಬಗ್ಗೆ ಬರೆದಿದ್ದಾನೆ.

ನಾನು ಬಿಕಾಂ ಓದಿದವ, ಆದ್ದರಿಂದ ನನಗೆ ಇಲ್ಲಿ ಕಾಣೋದು ಬೇರೆ. ವಜ್ರವನ್ನ ಬಯಲಲ್ಲಿ ಇಡಬೇಕಾದ್ರೆ ಎಂಥ ಧೈರ್ಯ ಬೇಕು! ಕದ್ದವನಿಗೆ ಶಿಕ್ಷೆ ಆಗ್ತದೆ, ಕೊಂಡವ ದುಡ್ಡು ಕೊಡ್ತಾನೆ ಅನ್ನೋ ನಂಬಿಕೆ ಇರಬೇಕು. ಆ ಅಂಗಡಿಗಳ ನಿಜವಾದ ಜಾಹೀರಾತು ಈ ನಂಬಿಕೆಯೇ.

1565ರ ತಾಳಿಕೋಟೆ ಯುದ್ಧದಲ್ಲಿ ಅದು ಮುರಿದುಬಿತ್ತು. ಎರಡು ವರ್ಷದ ನಂತರ, 1567ರಲ್ಲಿ, ವೆನಿಸ್‌ನ ರತ್ನವ್ಯಾಪಾರಿ ಸೀಸರ್ ಫ್ರೆಡರಿಕ್ ಅಲ್ಲಿಗೆ ಬಂದ. ಮನೆಗಳು ನಿಂತಿದ್ವು, ಒಳಗೆ ಜನ ಇಲ್ಲ. ಹುಲಿ, ಕಾಡುಪ್ರಾಣಿ ಇದ್ದಾವೆ ಅಂತ ಬರೆದ. ಒಂದು ತಿಂಗಳಲ್ಲಿ ಮುಗಿಯೋ ಕೆಲಸ ಅವನದು. ಆದ್ರೆ ದಾರಿ ತುಂಬಾ ಕಳ್ಳರು, ಹಾಗಾಗಿ ಏಳು ತಿಂಗಳು ಅಲ್ಲೇ ಉಳಿಯಬೇಕಾಯ್ತು.

ಆಗ ಅಧಿಕಾರ ಹಿಡಿದಿದ್ದವನು ತಿರುಮಲರಾಯ. ಸೈನ್ಯಕ್ಕೆ ಕುದುರೆ ಬೇಕು. ಅವನು ಸಾರಿಸಿದ ಮಾತು ಇದು: ಕುದುರೆ ತನ್ನಿ, ಯುದ್ಧದಲ್ಲಿ ಕಳೆದುಹೋದ ನನ್ನ ಮುದ್ರೆಯ ಕುದುರೆಯಾದ್ರೂ ಪರವಾಗಿಲ್ಲ, ಕೇಳಿದ ಬೆಲೆ ಕೊಡ್ತೇನೆ, ಬಂದುಹೋಗೋಕೆ ರಕ್ಷಣೆಯೂ ಉಂಟು. ವ್ಯಾಪಾರಿಗಳು ಕುದುರೆ ಹೊಡ್ಕೊಂಡು ಬಂದ್ರು. ಇನ್ನು ಬರೋರು ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ, 'ಸರಿ, ನೀವಿನ್ನು ಹೊರಡಬಹುದು' ಅಂದ. ಒಂದು ಕಾಸೂ ಕೊಡಲಿಲ್ಲ. ಪಾಪ, ಅವರು ದುಃಖದಲ್ಲಿ ಹುಚ್ಚು ಹಿಡಿದವರ ಹಾಗೆ ಆದ್ರು ಅಂತಾನೆ ಫ್ರೆಡರಿಕ್.

ಯೋಚನೆ ಮಾಡಿ, ಇದ್ರಿಂದ ಲಾಭ ಯಾರಿಗೆ? ಆ ಸಲ ಕುದುರೆ ಪುಕ್ಕಟೆ ಸಿಕ್ಕಿತು, ಸರಿ. ಆದ್ರೆ ಗೋವಾದಿಂದ ವಿಜಯನಗರಕ್ಕೆ ವರ್ಷ ವರ್ಷ ಹೋಗ್ತಿದ್ದ ಮಾಲಿನಲ್ಲಿ ಮೊದಲ ಹೆಸರೇ ಅರಬ್ ಕುದುರೆ. ಆಮೇಲೆ ವೆಲ್ವೆಟ್, ಸ್ಯಾಟಿನ್, ಕೇಸರಿ. ಒಮ್ಮೆ ಮೋಸಹೋದವ ಮತ್ತೆ ಆ ದಾರಿ ಹಿಡೀತಾನಾ?

ಫ್ರೆಡರಿಕ್ ಕರಾವಳಿ ಕಡೆ ಹೊರಟ. ದಾರಿಯಲ್ಲಿ ದಿನಕ್ಕೊಬ್ಬ ಪಾಳೆಯಗಾರ, ಎಲ್ಲರೂ ಹೆಸರಿಗೆ ವಿಜಯನಗರದ ಸಾಮಂತರೇ. ಆದ್ರೆ ಒಬ್ಬೊಬ್ಬನದೂ ಬೇರೆ ತಾಮ್ರದ ನಾಣ್ಯ. ಇವತ್ತು ಸಿಕ್ಕ ಚಿಲ್ಲರೆ ನಾಳೆ ಊಟಕ್ಕೆ ನಡೆಯೋದಿಲ್ಲ! ಒಂದು ಸಾಮ್ರಾಜ್ಯ ಹೇಗೆ ಒಡೀತಿದೆ ಅಂತ ಅವನಿಗೆ ತೋರಿಸಿದ್ದು ಜೇಬಿನ ಚಿಲ್ಲರೆ.

ಕೊನೆಗೆ ದೇವರ ದಯೆಯಿಂದ ಸುರಕ್ಷಿತವಾಗಿ ಅಂಕೋಲೆ ತಲುಪಿದೆವು ಅಂತ ಬರೀತಾನೆ. ಇದು ಗೇರುಸೊಪ್ಪೆ ರಾಣಿಯ ಸೀಮೆ ಅಂತಲೂ ಹೇಳ್ತಾನೆ. ಆಗ ಅಲ್ಲಿ ಆಳ್ತಿದ್ದವಳು ಕಾಳುಮೆಣಸಿನ ರಾಣಿ ಅಂತ ಹೆಸರಾದ ಚೆನ್ನಭೈರಾದೇವಿ.

ಈಗ ಕಾರವಾರದಿಂದ ಅಂಕೋಲೆಗೆ ಹೆದ್ದಾರಿ 66ರಲ್ಲಿ ಬನ್ನಿ. ಎರಡೂ ಕಡೆ ಹೋರ್ಡಿಂಗ್, ಬ್ಯಾನರ್, ಡಿಸ್ಕೌಂಟ್. ಮಾವಿನ ಕಾಲದಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಕರಿ ಇಶಾಡು ಇಟ್ಟು ಕೂತಿರ್ತಾರೆ. 2023ರಲ್ಲಿ ಈ ಹಣ್ಣಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಅವರ ಹತ್ರ ಬೋರ್ಡೂ ಇಲ್ಲ, ಆಫರೂ ಇಲ್ಲ. ಹಣ್ಣು ಕಣ್ಣೆದುರೇ ಇದೆ, ಹುಳಿ ಬಂದ್ರೆ ನಾಳೆ ಅದೇ ಜಾಗದಲ್ಲಿ ಅದೇ ಅಮ್ಮ ಸಿಗ್ತಾಳೆ, ಕೇಳಬಹುದು.

ಹಾಗಾಗಿ ಮೊಬೈಲ್‌ಗೆ 'ಕೇಳಿದ ಬೆಲೆ ಕೊಡ್ತೇವೆ' ಅಂತ ಮೆಸೇಜ್ ಬಂದ್ರೆ ಆ ಕುದುರೆಗಳನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ನಾಳೆ ಇವನು ಸಿಗ್ತಾನಾ ಅಂತ ಕೇಳಿ, ಆಮೇಲೆ ಒತ್ತಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೇನೆ.