ಕೇಪಿನ ಕೋವಿಯಿಂದ ಅಗುಳಿಯ ರೈಫಲಿಗೆ

ಕೋವಿಯೆಂಬುದು ನಮ್ಮ ದೇಶ್ಯಪದ. ಕೊಳವೆ, ನಳಿಗೆ ಎಂಬುದು ಅದರ ಮೂಲಾರ್ಥ. ತುಪಾಕಿ ತುರ್ಕಿಯ ಕಡೆಯಿಂದ ಬಂದಿತು. ಬಂದೂಕು ಅರಬ್ಬೀ ಪಾರಸಿಗಳ ಹಾದಿ ಹಿಡಿದು ಬಂದಿತು. ರೈಫಲು ಇಂಗ್ಲಿಷರ ಸಂಗಡ ಬಂದಿತು. ಒಂದೇ ವಸ್ತುವಿಗೆ ಇಷ್ಟು ಹೆಸರುಗಳೇಕೆಂದು ಕೇಳಬಹುದು. ವಸ್ತು ಒಂದೇ ಅಲ್ಲವೆಂಬುದೇ ಅದಕ್ಕೆ ಉತ್ತರ. ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಆ ಗೀರುಗಳಲ್ಲಿ ಸಿಕ್ಕಿ ಹೊರಡುವ ಗುಂಡು ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತದೆ. ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಲ್ಲುವುದೋ ಹಾಗೆಯೇ ತಿರುಗುವ ಗುಂಡು ನೆಟ್ಟಗೆ ಸಾಗುತ್ತದೆ. ಈ ಒಂದು ಸಣ್ಣ ಉಪಾಯವೇ ಬೇಟೆಯ ಚರಿತ್ರೆಯನ್ನು ಬದಲಾಯಿಸಿತು.

ಮಲೆನಾಡಿನ ಗೃಹಸ್ಥರ ಮನೆಯಲ್ಲಿ ಬಹುಕಾಲ ಇದ್ದದ್ದು ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ನಾರನ್ನೋ ಬಟ್ಟೆಯ ಚೂರನ್ನೋ ಗಜದಿಂದ ಜಡಿದು, ಮೇಲೆ ಗುಂಡನ್ನೋ ಚರೆಯನ್ನೋ ಹಾಕಿ, ಮತ್ತೆ ಜಡಿದು, ಕೇಪನ್ನು ಇಟ್ಟು, ಕುದುರೆಯನ್ನು ಎಳೆದು ನಿಲ್ಲಬೇಕು. ಇಷ್ಟಾದರೆ ಒಂದು ಈಡು. ಅದು ತಪ್ಪಿದರೆ ಹಂದಿ ಇನ್ನೊಂದು ಈಡಿಗಾಗಿ ಕಾಯುವುದಿಲ್ಲ. ಮಳೆಗಾಲದಲ್ಲಿ ಮದ್ದು ತೇವವಾಗಿ ಕೋವಿ ಹಾರದೆ ಹೋಗುವುದುಂಟು. ಮದ್ದು ಹೆಚ್ಚಾಗಿ ನಳಿಗೆ ಸಿಡಿಯುವುದೂ ಉಂಟು. ಆದರೂ ಅದು ಅಗ್ಗ. ಊರಿನ ಕಮ್ಮಾರನೇ ಅದನ್ನು ದುರಸ್ತಿ ಮಾಡಬಲ್ಲವನಾಗಿದ್ದ. ಅದರ ಮೇಲೆ ಬಂದದ್ದು ತೋಟೆ ಕೋವಿ. ನಳಿಗೆಯನ್ನು ನಡುವೆ ಮುರಿದು ಹಿಂದಿನಿಂದ ತೋಟೆಯನ್ನಿಡುವ ಈ ಒಂಟಿನಳಿಗೆ, ಜೋಡುನಳಿಗೆಯ ಕೋವಿಗಳು ಅನುಕೂಲಸ್ಥರ ಮನೆಗೆ ಮೊದಲು ಬಂದವು.

ಹಾಗಾದರೆ ರೈಫಲು ಯಾರ ಕೈಯಲ್ಲಿತ್ತು? ಆನೆಯ ಖೆಡ್ಡಾಕ್ಕೆ ಹೆಸರಾದ ಸ್ಯಾಂಡರ್ಸನ್ ಸಾಹೇಬನು ಮೈಸೂರಿನ ಕಾಡುಗಳ ವಿಷಯವಾಗಿ ಬರೆದ ಪುಸ್ತಕ 1878ರಲ್ಲಿ ಪ್ರಕಟವಾಯಿತು. ಆ ಕಾಲದ ದೊಡ್ಡ ಬೇಟೆಗಾರರು ಹೊತ್ತದ್ದು ಇಂಗ್ಲೆಂಡಿನ ಕುಶಲಕರ್ಮಿಗಳು ಕೈಯಿಂದ ಮಾಡಿದ ಜೋಡುನಳಿಗೆಯ ಭಾರಿ ರೈಫಲುಗಳನ್ನು. ಅವುಗಳ ಬೆಲೆ ಮಹಾರಾಜರಿಗೆ, ದೊಡ್ಡ ಅಧಿಕಾರಿಗಳಿಗೆ, ಶ್ರೀಮಂತ ಕಾಫಿ ಪ್ಲಾಂಟರುಗಳಿಗೆ ಮಾತ್ರ ಎಟಕುವಂಥದು. ಕಾನೂನೂ ಅವರ ಕಡೆಗೇ ಇತ್ತು. ಬ್ರಿಟಿಷ್ ಇಂಡಿಯಾದ 1878ರ ಆಯುಧ ಶಾಸನದಂತೆ ಭಾರತೀಯನಿಗೆ ಲೈಸೆನ್ಸು ಬೇಕಾಗಿತ್ತು, ಐರೋಪ್ಯನಿಗೆ ವಿನಾಯಿತಿಯಿತ್ತು. ಬೇಟೆಯ ಆಯುಧದಲ್ಲಿಯೂ ಹೀಗೆ ವರ್ಣಭೇದ ನಡೆದಿತ್ತೆಂಬುದನ್ನು ನಾವು ಮರೆಯಬಾರದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಅಪವಾದವುಂಟು, ಅದು ಕೊಡಗು. ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಕೊಡಗರಿಗೆ ನಿರಾಯುಧೀಕರಣದ ಶಾಸನದಿಂದ ವಿನಾಯಿತಿ ಕೊಟ್ಟನು. ಜಮ್ಮಾ ಹಿಡುವಳಿದಾರರಿಗೂ ಈ ಸೌಲಭ್ಯ ಸಂದಿತು. ಅಲ್ಲಿ ಕೋವಿ ಬರಿಯ ಬೇಟೆಯ ಸಾಧನವಲ್ಲ. ಕೈಲ್ ಪೋದ್ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಹೂರ್ತಕ್ಕೆ ಗಾಳಿಯಲ್ಲಿ ಗುಂಡು, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸ್ವತಂತ್ರ ಭಾರತದಲ್ಲಿಯೂ ಈ ವಿನಾಯಿತಿ ಉಳಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಇನ್ನು ಅಗುಳಿಯ ರೈಫಲಿನ ಮಾತು. ಇಂಗ್ಲಿಷಿನಲ್ಲಿ ಬೋಲ್ಟ್ ಎನ್ನುವುದು ಬಾಗಿಲ ಅಗುಳಿಗೇ. ನಮ್ಮ ಮನೆಯ ಬಾಗಿಲಿಗೆ ಹಾಕುವ ಕಬ್ಬಿಣದ ಚಿಲಕವನ್ನು ನೆನೆದುಕೊಂಡರೆ ಯಂತ್ರದ ಮರ್ಮ ತಿಳಿದಂತೆಯೇ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟೆಯ ಕೋಶ ಹೊರಗೆ ಬೀಳುತ್ತದೆ; ಮುಂದಕ್ಕೆ ತಳ್ಳಿದರೆ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟೆ ನಳಿಗೆಗೆ ಸೇರುತ್ತದೆ; ಹಿಡಿಯನ್ನು ಕೆಳಕ್ಕೆ ಮಡಿಸಿದರೆ ಅಗುಳಿ ಭದ್ರ. ಪ್ರಷ್ಯದ ಡ್ರೈಸೆ 1841ರಲ್ಲಿ ಈ ಬಗೆಯ ಬಂದೂಕನ್ನು ಸೈನ್ಯಕ್ಕೆ ಒದಗಿಸಿದನು. ಜರ್ಮನಿಯ ಮೌಸರ್ ಸೋದರರು ಅದನ್ನು ಪಳಗಿಸಿದರು. 1898ರ ಮೌಸರ್ ಮಾದರಿಯನ್ನು ಲೋಕವೆಲ್ಲ ಅನುಕರಿಸಿತು. ಬ್ರಿಟಿಷರು ಜೇಮ್ಸ್ ಪ್ಯಾರಿಸ್ ಲೀ ಎಂಬುವನ ಉಪಾಯವನ್ನು ಹಿಡಿದು 1895ರಲ್ಲಿ ಲೀ ಎನ್‌ಫೀಲ್ಡ್ ರೈಫಲನ್ನು ಸೈನ್ಯಕ್ಕೆ ತಂದರು. ಇವೆಲ್ಲ ಸಿಪಾಯಿಯ ಆಯುಧಗಳು. ಲಕ್ಷಗಟ್ಟಲೆ ಬೇಕಾದದ್ದರಿಂದ ಯಂತ್ರಗಳಲ್ಲಿಯೇ ತಯಾರಾದವು. ಯಂತ್ರದಲ್ಲಿ ತಯಾರಾದದ್ದು ಅಗ್ಗವಾಗುವುದು ಸಹಜ.

1914ರಿಂದ 1918ರವರೆಗಿನ ಮಹಾಯುದ್ಧ ಮುಗಿದಾಗ ಊರಿಗೆ ಮರಳಿದ ಪಾಶ್ಚಾತ್ಯ ಸಿಪಾಯಿಗಳ ಕೈಗೆ ಅಗುಳಿಯ ಅಭ್ಯಾಸ ಹತ್ತಿತ್ತು. ಬೇಟೆಗೂ ಅವರು ಅಂಥದನ್ನೇ ಕೇಳಿದರು. ಅಮೆರಿಕದ ವಿಂಚೆಸ್ಟರ್ ಕಂಪೆನಿ 1925ರಲ್ಲಿ ಒಂದು ಮಾದರಿಯನ್ನೂ 1936ರಲ್ಲಿ 70ನೆಯ ಸಂಖ್ಯೆಯ ಪ್ರಸಿದ್ಧ ಮಾದರಿಯನ್ನೂ ಹೊರಡಿಸಿತು. ಎರಡನೆಯ ಯುದ್ಧದ ಅನಂತರ ಕೂಲಿಯ ದರ ಏರಿತು, ಕೈಕೆಲಸ ದುಬಾರಿಯಾಯಿತು. ಆಗ ರೆಮಿಂಗ್ಟನ್ ಕಂಪೆನಿ 1948ರಲ್ಲಿ, ಸ್ಯಾವೇಜ್ ಕಂಪೆನಿ 1958ರಲ್ಲಿ, ಕಡಿಮೆ ಕೆಲಸದಲ್ಲಿ ಮುಗಿಯುವಂತೆ ಯೋಚಿಸಿದ ರೈಫಲುಗಳನ್ನು ಮಾರುಕಟ್ಟೆಗೆ ತಂದವು. ಸ್ಯಾವೇಜಿನಲ್ಲಿ ನಳಿಗೆಯನ್ನು ಒಂದು ನಟ್ಟಿನಿಂದ ಬಿಗಿದಿದ್ದರು. ಅಳತೆಯನ್ನು ಸರಿಪಡಿಸಲು ನುರಿತ ಕಮ್ಮಾರ ಬೇಕಾಗಿರಲಿಲ್ಲ. 1964ರಲ್ಲಿ ವಿಂಚೆಸ್ಟರ್ ತನ್ನ 70ನೆಯ ಮಾದರಿಯನ್ನು ಅಗ್ಗವಾಗಿಸಹೋಗಿ ಹಳೆಯ ಗಿರಾಕಿಗಳ ನಿಂದೆಗೆ ಗುರಿಯಾಯಿತು. ಆದರೂ ಕಾಲದ ದಿಕ್ಕು ಅತ್ತಲೇ ಇತ್ತು. ರೈತನೂ ಕೂಲಿಕಾರನೂ ಕೊಳ್ಳಬಲ್ಲ ರೈಫಲು ಅಲ್ಲಿ ಮನೆಮಾತಾಯಿತು.

ನಮ್ಮ ದೇಶದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಸೈನ್ಯದ ತೋಟೆ ಜನರ ಕೈಗೆ ಸಿಕ್ಕಿದರೆ ದಂಗೆಯಾದೀತೆಂಬ ಅಂಜಿಕೆ ಆಳುವವರಿಗೆ. ಆದ್ದರಿಂದ ಸೈನ್ಯದ ಪಾಯಿಂಟ್ 303 ಅಳತೆ ಪ್ರಜೆಗಳಿಗೆ ನಿಷಿದ್ಧವಾಯಿತು. ಯುದ್ಧದಲ್ಲಿ ಉಳಿದ ಲೀ ಎನ್‌ಫೀಲ್ಡುಗಳು ಬೇರೆ ದೇಶಗಳಲ್ಲಿ ಅಂಗಡಿಗೆ ಬಂದಂತೆ ಇಲ್ಲಿ ಬರಲಿಲ್ಲ. ಬರ್ಮಿಂಗ್‌ಹ್ಯಾಮಿನ ಬಿ. ಎಸ್. ಎ. ಕಂಪೆನಿ ಇದಕ್ಕೊಂದು ಉಪಾಯ ಕಂಡುಹಿಡಿಯಿತು: ಅಗುಳಿ ಲೀಯದೇ ಇರಲಿ, ತೋಟೆ ಮಾತ್ರ ಬೇರೆಯಾಗಲಿ. ಆಸ್ಟ್ರಿಯಾ ಸೈನ್ಯದ ಎಂಟು ಮಿಲಿಮೀಟರಿನ ಮಾನ್ಲಿಕರ್ ತೋಟೆಯನ್ನು ಅವರು ಎತ್ತಿಕೊಂಡರು. ಅದೇ ಇಂಡಿಯಾದಲ್ಲಿ ಪಾಯಿಂಟ್ 315 ಎಂದು ಹೆಸರಾಯಿತು.

ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಅಭಾವದಿಂದ ಆಮದಿನ ಆಯುಧಗಳು ದುರ್ಲಭವಾದವು. ಆಗ ಹೂಗ್ಲಿ ನದಿಯ ದಡದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಪಾಯಿಂಟ್ 315ರ ಬೇಟೆಯ ರೈಫಲನ್ನು ಒದಗಿಸಿತು. ಸೈನ್ಯಕ್ಕೆ ಲೀ ಎನ್‌ಫೀಲ್ಡು ಮಾಡುತ್ತಿದ್ದ ಯಂತ್ರಗಳು, ಕೆಲಸಗಾರರು ಅಲ್ಲಿ ಇದ್ದೇ ಇದ್ದರು, ತೋಟೆಯೂ ಸ್ವದೇಶದ್ದೇ. ಆದ್ದರಿಂದ ಬೆಲೆ ಮಧ್ಯಮವರ್ಗದವರಿಗೆ ಎಟಕುವಂತಾಯಿತು. ಸಕಲೇಶಪುರ, ಮೂಡಿಗೆರೆಗಳ ತೋಟದ ಯಜಮಾನನು ವಿಲಾಯತಿಯ ಜೋಡುನಳಿಗೆಗೆ ಆಸೆಪಡದೆ ಇದನ್ನು ಕೊಳ್ಳಬಹುದಾಗಿತ್ತು. ಅಂದದಲ್ಲಿ ಒರಟು, ಕೆಲಸದಲ್ಲಿ ಗಟ್ಟಿ. ನಮ್ಮ ನಾಡಿನ ಅಗ್ಗದ ಅಗುಳಿ ರೈಫಲೆಂದರೆ ಇದೇ.

ಆದರೆ ಅಗ್ಗವಾಯಿತೆಂಬ ಮಾತ್ರಕ್ಕೆ ಅದು ಎಲ್ಲರ ಮನೆ ಸೇರಲಿಲ್ಲ. 1959ರ ಆಯುಧ ಶಾಸನ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೆ ಅಥವಾ ಬೇಟೆಗೆ ಕೇಳಿದರೆ, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆಯ ರಕ್ಷಣೆಗೆ ಕೇಳಿದರೆ, ಆ ಶಾಸನ ಸುಲಭದ ದಾರಿಯನ್ನಿಟ್ಟಿತು. ರೈಫಲನ್ನು ಕೇಳುವವನು ಮಾತ್ರ ತಕ್ಕ ಕಾರಣವನ್ನು ಅಧಿಕಾರಿಗೆ ಮನಗಾಣಿಸಬೇಕು. ಇದರಲ್ಲಿ ವಿವೇಕವಿಲ್ಲದಿಲ್ಲ. ಚರೆಯ ಪೆಟ್ಟು ನಾಲ್ವತ್ತು ಐವತ್ತು ಗಜಕ್ಕೆ ಮುಗಿಯುತ್ತದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಮೈಲಿಯಾಚೆಯ ಹಳ್ಳಿಯನ್ನು ಮುಟ್ಟೀತು. ಹೀಗಾಗಿ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಗದ್ದೆ ಕಾಯುವ ರೈತನ ಪಾಲಿಗೆ ಕೇಪಿನ ಕೋವಿಯೇ ಉಳಿಯಿತು.

ಬೆಂಗಳೂರಿನವರಿಗೆ ಇದು ದೂರದ ಕಾಡಿನ ಸಂಗತಿಯೆನಿಸಬಹುದು. ಹಾಗೇನೂ ಇಲ್ಲ. ಕೆನೆತ್ ಆಂಡರ್ಸನ್ ಇದ್ದದ್ದು ಈ ಊರಿನಲ್ಲಿಯೇ. ಮಾಗಡಿ, ಜಾಲಹಳ್ಳಿಗಳು ಆತನ ಕಥೆಗಳಲ್ಲಿ ಚಿರತೆಯ ಸೀಮೆಗಳು. ಅವನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ನನ್ನ ಶಿಷ್ಯರು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದುವುದನ್ನು ಕಂಡಿದ್ದೇನೆ. ಕಂಡೂ ಕಾಣದಂತೆ ಇದ್ದೇನೆ. ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕುಮಾವೂನಿನ ಜಿಮ್ ಕಾರ್ಬೆಟ್ಟನ ಹೆಸರಾಂತ ರಿಗ್ಬಿ ರೈಫಲು ಮೌಸರ್ ಅಗುಳಿಯದು. ಆಂಡರ್ಸನ್ ನೆಚ್ಚಿದ ಪಾಯಿಂಟ್ 405 ವಿಂಚೆಸ್ಟರ್ ಮಾತ್ರ ಅಗುಳಿಯದಲ್ಲ, ಕೆಳಗಿನ ಸನ್ನೆಯನ್ನು ಜಗ್ಗಿ ತೋಟೆ ತುಂಬುವಂಥದು.

ಅಗ್ಗದ ಆಯುಧದಿಂದ ಆದ ಹಾನಿಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ಯುದ್ಧಾನಂತರ ಜೀಪು ಬಂದಿತು, ಪ್ರಖರವಾದ ಟಾರ್ಚು ಬಂದಿತು, ದೂರದಿಂದ ಹೊಡೆಯುವ ರೈಫಲು ಬಂದಿತು. ಈ ಮೂರೂ ಕೂಡಿದಲ್ಲಿ ಬೇಟೆ ಬೇಟೆಯಾಗಿ ಉಳಿಯಲಿಲ್ಲ. ಹೆಜ್ಜೆ ನೋಡಿ, ಗಾಳಿ ನೋಡಿ, ಹಳುವಿನಲ್ಲಿ ಉಸಿರು ಬಿಗಿಹಿಡಿದು ಕೂರುವ ಕಾಲ ಹೋಗಿ, ರಸ್ತೆಯ ಮೇಲಿನಿಂದಲೇ ಕಣ್ಣಿಗೆ ಬೆಳಕು ಬಿಟ್ಟು ಹೊಡೆಯುವ ಕಾಲ ಬಂದಿತು. ಕೇಪಿನ ಕೋವಿಯೂ ನಿರಪರಾಧಿಯಲ್ಲ. ಬೆಳೆ ಕಾಯುವ ನೆಪದಲ್ಲಿ ಅದು ಕೊಂದ ಕಡವೆ, ಸಾರಂಗಗಳಿಗೆ ಲೆಕ್ಕವಿಟ್ಟವರಿಲ್ಲ. ಚೀತಾ ನಮ್ಮ ದೇಶದಲ್ಲಿ ನಿರ್ವಂಶವಾಯಿತೆಂದು 1952ರಲ್ಲಿ ಸಾರಬೇಕಾಯಿತು. ಕೊನೆಗೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನ ಬಂದಿತು; ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ವ್ಯಾನ್ ಇಂಗೆನ್ನರ ಕಾರ್ಖಾನೆ ಶತಮಾನದ ಕೊನೆಯ ಹೊತ್ತಿಗೆ ಬಾಗಿಲು ಹಾಕಿತು. ಸಾಮಾನ್ಯನಿಗೆ ಎಟಕುವ ಬೇಟೆಯ ರೈಫಲು ನಮ್ಮಲ್ಲಿ ಸಿದ್ಧವಾಗುವ ಹೊತ್ತಿಗೆ ಬೇಟೆಯ ಕಾಲವೇ ಮುಗಿಯಿತು.

ಈ ಶಾಸನ ಬೇಕಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದಿಲ್ಲದಿದ್ದರೆ ನಾಗರಹೊಳೆಯಲ್ಲಿ ಹುಲಿಯನ್ನು ನೋಡಲು ನಮ್ಮ ಮಕ್ಕಳು ಹೋಗುವಂತಿರಲಿಲ್ಲ. ಆದರೆ ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡು ಬತ್ತದ ಗದ್ದೆಯನ್ನು ಉತ್ತುಹೋದಾಗ, ಆನೆ ಬಾಳೆಯ ತೋಟವನ್ನು ತುಳಿದುಹೋದಾಗ, ಆ ಹುಲಿಯ ಉಳಿವಿನ ಬೆಲೆಯನ್ನು ತೆರುವವನು ಕಾಡಂಚಿನ ರೈತ, ನಾವಲ್ಲ. ಅವನ ಮನೆಯ ಕೋವಿಯಾದರೂ ಈಗ ಹೆಚ್ಚಾಗಿ ಸದ್ದು ಮಾಡಿ ಬೆದರಿಸುವುದಕ್ಕೆ. ಚುನಾವಣೆ ಬಂದಿತೆಂದರೆ ಅದನ್ನೂ ಹೊತ್ತು ಪೊಲೀಸು ಠಾಣೆಯಲ್ಲಿಟ್ಟು ರಸೀತಿ ಪಡೆಯಬೇಕು. ಫಸಲು ಕೊಯ್ಲಿಗೆ ಬಂದ ಹೊತ್ತೂ ಚುನಾವಣೆಯ ಹೊತ್ತೂ ಒಂದೇ ಆದರೆ ಅವನ ಪಾಡು ಕೇಳುವುದು ಬೇಡ.

ಆಯುಧದ ಬೆಲೆ ಇಳಿದಂತೆಲ್ಲ ಅದನ್ನು ಹಿಡಿಯುವವನ ಹೊಣೆ ಏರುತ್ತದೆಂಬುದನ್ನು ಈ ಚರಿತ್ರೆ ತೋರಿಸುತ್ತದೆ. ದೊರೆಗಳ ಕೈಯಲ್ಲಿ ದುಬಾರಿ ರೈಫಲಿದ್ದಾಗ ಕಾಡು ಅವರ ಮರ್ಜಿಗೆ ಉಳಿಯಿತು, ಅವರ ಮರ್ಜಿಗೆ ಅಳಿಯಿತು. ಅಗ್ಗದ ರೈಫಲು ಎಲ್ಲರಿಗೂ ಬಂದಾಗ ಕಾಡು ಎಲ್ಲರ ಹೊಣೆಯಾಯಿತು. ಹುಲಿಯನ್ನು ಕಾಯುವ ಹೊಣೆಯನ್ನು ಶಾಸನ ಹೊತ್ತಿದೆ. ರೈತನ ನಷ್ಟವನ್ನು ಕಾಲಕ್ಕೆ ಸರಿಯಾಗಿ ತುಂಬಿಕೊಡುವ ಹೊಣೆಯೂ ಅಷ್ಟೇ ಭಾರವುಳ್ಳದ್ದು. ಆ ಎರಡನೆಯದನ್ನು ನಡೆಸಿಕೊಟ್ಟರೆ ಕೋವಿ ಅಟ್ಟದ ಮೇಲೆ ನಿಶ್ಚಿಂತೆಯಾಗಿ ಇದ್ದೀತು. ಹಬ್ಬಕ್ಕೊಮ್ಮೆ ಇಳಿದು ಹೂ ಮುಡಿದುಕೊಂಡರೆ ಸಾಕಾದೀತು.